ಮಲ್ಪೆಯಿಂದ ಆಚೆ: ಕಡಲ ಹಕ್ಕಿಗಳನ್ನು ನೋಡಲು ಹೋದ ಒಂದು ದಿನ

ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದರೆ ಅಥಣಿಯಿಂದ ಅರಬ್ಬೀ ಸಮುದ್ರ ಇನ್ನೂರು ಕಿಲೋಮೀಟರಿಗೂ ಕಡಿಮೆ ದೂರ. ಹೀಗಿದ್ದರೂ ನಮ್ಮ ಸೀಮೆಯಲ್ಲಿ ಕಡಲನ್ನು ಕಾಣದೆಯೇ ಮುಪ್ಪಾದವರು ಓಣಿಗೆ ನಾಲ್ವರಾದರೂ ಸಿಗುತ್ತಾರೆ. ನಮ್ಮ ಕೃಷ್ಣೆಯ ನಡವಳಿಕೆಯೂ ಇದೇ ಬಗೆಯದು. ಮಹಾಬಳೇಶ್ವರದಲ್ಲಿ, ಪಡುವಣ ಕಡಲಿನಿಂದ ಬರೀ ೬೪ ಕಿಲೋಮೀಟರು ಈಚೆಗೆ ಹುಟ್ಟುತ್ತಾಳೆ. ಆಮೇಲೆ ಅದಕ್ಕೆ ಬೆನ್ನು ಹಾಕಿ, ಸುಮಾರು ೧,೪೦೦ ಕಿಲೋಮೀಟರು ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಆದರೆ ಆಕೆಯ ಒಡಲಿನ ನೀರು ಬರುವುದು ಈ ಪಡುವಣ ಕಡಲಿನ ಮೇಲಿನಿಂದಲೇ. ೨೦೦೫ರಲ್ಲಿ, ಮತ್ತೆ ೨೦೧೯ರ ಆಗಸ್ಟಿನಲ್ಲಿ ನಮ್ಮ ತಾಲೂಕಿನ ಹೊಳೆದಂಡೆಯ ಹಳ್ಳಿಗಳಿಗೆ ನೀರು ಹೊಕ್ಕಾಗ, ಅದು ಘಟ್ಟದ ನೆತ್ತಿಯ ಮೇಲೆ ಸುರಿದ ಮಳೆಯ ನೀರು. ಅದೇ ಮಳೆ ಹೆಚ್ಚು ದಿನ ಹಿಡಿದರೆ ತಮ್ಮ ಅಡಿಕೆಗೆ ಕೊಳೆರೋಗ, ಕಾಫಿಗೆ ಕಾಯಿ ಉದುರುವ ಬಾಧೆ. ನಮಗೂ ತಮಗೂ ಇರುವ ನಂಟು ಈ ಒಂದು ಗಾಳಿಯದು.

ಈ ಗಾಳಿಯ ಜೊತೆಗೆ ಮಳೆಯಲ್ಲದೆ ಬೇರೇನಾದರೂ ಬರುತ್ತದೆಯೆ ಎಂದು ನಾವು ಯೋಚಿಸಿದವರಲ್ಲ. ಯೋಚಿಸುವಂತೆ ಮಾಡಿದವರು ಉಡುಪಿ ಜಿಲ್ಲೆಯ ಘಟ್ಟದ ಬುಡದ ಅಡಿಕೆ ಬೆಳೆಗಾರ ಮಿತ್ರರು. ಅವರು ಒಮ್ಮೆ ನಮ್ಮಲ್ಲಿಗೆ ಬಂದು ದ್ರಾಕ್ಷಿ ಪಡಗಳನ್ನೂ ಒಣದ್ರಾಕ್ಷಿಯ ಶೆಡ್ಡುಗಳನ್ನೂ ನೋಡಿ ಹೋಗಿದ್ದರು. ಮರುಭೇಟಿಗೆಂದು ನಾವು ಐದು ಮಂದಿ ಸೆಪ್ಟೆಂಬರಿನಲ್ಲಿ ಅವರ ತೋಟಕ್ಕೆ ಹೋದೆವು. ಬಸಿಗಾಲುವೆಯ ಪಕ್ಕದಲ್ಲಿ ನಡೆಯುತ್ತಿರುವಾಗ ಅವರು ಒಂದು ಕಡೆ ನಿಂತು, ಹಿಂದಿನ ವರ್ಷದ ಜುಲೈಯಲ್ಲಿ ಅಲ್ಲಿಯೇ ಬಿದ್ದಿದ್ದ ಹಕ್ಕಿಯ ಕಥೆಯನ್ನು ಹೇಳಿದರು.

ಮೂರು ದಿನ ಬಿಡದೆ ಗಾಳಿಮಳೆ. ನಾಲ್ಕನೆಯ ಬೆಳಗ್ಗೆ ಕಾಲುವೆಯಲ್ಲಿ ಪಾರಿವಾಳಕ್ಕಿಂತ ಉದ್ದದ ಒಂದು ಹಕ್ಕಿ ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಬೆನ್ನು ಕಾಡಿಗೆಗಪ್ಪು, ಹೊಟ್ಟೆ ಹಾಲುಬಿಳುಪು, ಹಣೆಯ ಮೇಲೆ ಬಿಳಿ ಪಟ್ಟಿ, ಕತ್ತರಿಯಂತೆ ಸೀಳಿದ ಬಾಲ. ಕೆಲಸದವರು ಮರುಕದಿಂದ ಅನ್ನದ ಅಗುಳನ್ನು ಕೊಕ್ಕಿಗೆ ತುರುಕಿದರು. ನೀರಿನ ಹಕ್ಕಿಯಲ್ಲವೆ ಎಂದು ಯಾರೋ ಕೆರೆಗೆ ಬಿಟ್ಟರು. ಅದು ಈಜಲಿಲ್ಲ, ನೆನೆದು ಮುದ್ದೆಯಾಯಿತು. ಸಂಜೆಯ ಹೊತ್ತಿಗೆ ಸತ್ತಿತು. ತೆಗೆದಿಟ್ಟಿದ್ದ ಫೋಟೋವನ್ನು ಬಲ್ಲವರಿಗೆ ತೋರಿಸಿದಾಗ ಅದು ಸೂಟಿ ಟರ್ನ್ ಎಂದು ತಿಳಿಯಿತು. ಟರ್ನ್ ಎಂದರೆ ನಮ್ಮ ಪಕ್ಷಿಪುಸ್ತಕಗಳು 'ರೀವ' ಎಂದು ಕರೆಯುವ ಗುಂಪು. ಇದು ಆ ಗುಂಪಿನ ಮಸಿಬಣ್ಣದ ರೀವ. ಮರಿ ಗೂಡು ಬಿಟ್ಟ ಮೇಲೆ ಕೆಲವು ವರ್ಷಗಳ ಕಾಲ ನೆಲವನ್ನೇ ಮುಟ್ಟದೆ ನಡುಗಡಲಿನ ಮೇಲೆ ಹಾರುತ್ತಲೇ ಇರುವ ಹಕ್ಕಿ ಇದು. ನೀರಿನ ಮೇಲೆ ಕೂರುವುದೂ ಇದಕ್ಕೆ ಆಗದು, ಗರಿ ನೆನೆಯುತ್ತದೆ. ಕೆರೆಗೆ ಬಿಟ್ಟವರು ಒಳ್ಳೆಯದನ್ನೇ ಬಯಸಿದ್ದರು.

"ಇಂಥದ್ದು ಇರೋ ಜಾಗ ನೋಡಿ ಬರೋಣೇನ್ರಿ?" ಎಂದು ಕೇಳಿದವರು ನಮ್ಮ ಪೈಕಿ ಹಿರಿಯರು. ಎಪ್ಪತ್ತು ದಾಟಿದ ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ.

ದೋಣಿ ಹತ್ತುವ ಮೊದಲು

ಕಡಲ ಹಕ್ಕಿ ನೋಡುವವರು ಬಾಡಿಗೆ ದೋಣಿಯಲ್ಲಿ ದಿನವಿಡೀ ಹೊರಗಡಲಿಗೆ ಹೋಗಿಬರುವ ರೂಢಿ ನಮ್ಮ ಕರಾವಳಿಯಲ್ಲಿ ಇತ್ತೀಚಿನದು. ಅದಕ್ಕೆ ಕಾಲ ನೋಡಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರ ತನಕ, ೬೧ ದಿನ, ಯಾಂತ್ರಿಕ ದೋಣಿಗಳಿಗೆ ರಜೆ. ಮೀನು ಮರಿಮಾಡುವ ಕಾಲ, ಕಡಲೂ ಒರಟು. ಆಗಸ್ಟಿನಲ್ಲಿ ದೋಣಿಗಳು ಹೊರಟರೂ ಹೊಸಬರ ಹೊಟ್ಟೆ ತಡೆಯುವ ಕಡಲು ಅದಲ್ಲ. ಸೆಪ್ಟೆಂಬರಿನ ಎರಡನೆಯ ಪಾಲು ಮತ್ತು ಅಕ್ಟೋಬರು ಪ್ರಶಸ್ತ. ಆಗ ದಕ್ಷಿಣದಿಂದ ಬಂದ ಹಕ್ಕಿಗಳು ಇನ್ನೂ ಹೊರಟಿರುವುದಿಲ್ಲ, ಉತ್ತರದ ಹಕ್ಕಿಗಳು ಬರತೊಡಗಿರುತ್ತವೆ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡಕ್ಕೂ ಮುಂಚಿನ ಬಿಡುವು ಅದು ಎಂಬುದು ತಮಗೆ ಅನುಕೂಲ.

ನಮ್ಮ ಮಿತ್ರರು ಮಲ್ಪೆಯಲ್ಲಿ ಒಂದು ಮೀನುಗಾರಿಕೆ ಬೋಟನ್ನು ಗೊತ್ತುಮಾಡಿ, ಕರಾವಳಿ ಕಾವಲು ಪೊಲೀಸರಿಗೆ ಹೋಗುವವರ ಹೆಸರು, ಗುರುತಿನ ಚೀಟಿಗಳನ್ನು ಕೊಟ್ಟು ಒಪ್ಪಿಗೆ ಪಡೆದಿದ್ದರು. ಇದನ್ನು ಬಿಟ್ಟು ಹೋಗಬಾರದು. ಆಳಿಗೊಂದು ಜೀವರಕ್ಷಕ ಜಾಕೀಟು ಇದೆಯೆ ಎಂದು ದಡದಲ್ಲಿಯೇ ಎಣಿಸಿಕೊಳ್ಳಬೇಕು. ಹೊರಡುವ ಹಿಂದಿನ ರಾತ್ರಿ ಎಣ್ಣೆಯ ತಿಂಡಿ ಬೇಡವೆಂದು ನಮಗೆ ಹೇಳಿದ್ದರು. ನಮ್ಮ ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ಕಡಲಿನಲ್ಲಿ ಇದಕ್ಕಿಂತ ಒಳ್ಳೆಯ ಆಹಾರವಿಲ್ಲ ಎಂದು ಈಗ ಧೈರ್ಯವಾಗಿ ಹೇಳಬಲ್ಲೆವು.

ಬೆಳಗಿನ ಐದೂವರೆಗೆ ಬಂದರು ಬಿಟ್ಟೆವು. ಮಲ್ಪೆಯ ಬಂದರನ್ನು ವರ್ಣಿಸಲು ಹೋದರೆ ಬೇರೆಯೇ ಲೇಖನವಾದೀತು. ಒಂದಕ್ಕೊಂದು ಮೈ ಉಜ್ಜಿಕೊಂಡು ನಿಂತ ಬೋಟುಗಳು, ಮಂಜುಗಡ್ಡೆ ಪುಡಿಮಾಡುವ ಸದ್ದು, ಬುಟ್ಟಿ ಹೊತ್ತು ಓಡುವ ಹೆಂಗಸರು, ಎಲ್ಲದರ ಮೇಲೆ ಗರುಡಗಳ ಸುತ್ತಾಟ. ಬಲಕ್ಕೆ ಸೇಂಟ್ ಮೇರೀಸ್ ದ್ವೀಪಗಳು ಬಂದುವು. ಕಂಬಕಂಬವಾಗಿ ಸೀಳಿ ನಿಂತ ಅಲ್ಲಿನ ಬಂಡೆ, ಮಡಗಾಸ್ಕರವೂ ನಮ್ಮ ನೆಲವೂ ಬೇರೆಯಾದ ಕಾಲದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬಲೆಯ ಗೂಟಗಳ ಮೇಲೆ ಹಳದಿ ಕೊಕ್ಕಿನ ದೊಡ್ಡ ಜುಟ್ಟಿನ ರೀವಗಳು ಸಾಲಾಗಿ ಕುಳಿತಿದ್ದುವು. ನಮ್ಮ ಕೃಷ್ಣೆಯ ಮರಳದಿಬ್ಬದ ಹೊಳೆ ರೀವಗಳಿಗಿಂತ ದಪ್ಪ ಮೈ. ಕಾಕಾ ಅವನ್ನು ನೋಡಿ, "ನಮ್ಮ ಹೊಳಿ ಹಕ್ಕಿಯ ದಾಯಾದಿ" ಎಂದರು. ನಂಟು ಹೇಳಿದ್ದು ಸರಿಯಾಗಿಯೇ ಇತ್ತು.

ಖಾಲಿ ನೀರಿನ ಮೇಲೆ

ದಡ ಮರೆಯಾಗುವವರೆಗೆ ನೀರು ಹಸಿರುಗಂದು, ಆಮೇಲೆ ಹಸಿರು, ಆಮೇಲೆ ನಮ್ಮ ಕಣ್ಣು ಎಂದೂ ಕಂಡಿರದ ನೀಲಿ. ಎರಡು ಗಂಟೆಯ ಹೊತ್ತು ಒಂದು ಹಕ್ಕಿಯೂ ಇಲ್ಲ. ಕಡಲ ಹಕ್ಕಿಯೆಂದರೆ ಕಡಲ ತುಂಬ ಹಕ್ಕಿಯೆಂದು ತಿಳಿದು ಹೋಗುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಡಲೂ ಒಂದು ಬಗೆಯ ಬಯಲುಸೀಮೆ. ಮೇವಿದ್ದಲ್ಲಿ ಹಿಂಡು, ಮಿಕ್ಕೆಡೆಯಲ್ಲಿ ಬರಿದು. ನಮ್ಮಲ್ಲಿ ಇಬ್ಬರು ಅಷ್ಟು ಹೊತ್ತಿಗೆ ತಲೆ ಸುತ್ತಿ ಹಲಗೆಯ ಮೇಲೆ ಅಡ್ಡಾಗಿದ್ದರು. ತಾಂಡೇಲರು ಚುಕ್ಕಾಣಿ ಬಿಡದೆಯೇ, "ಹೆದರ್ಬೇಡಿ ಮಾರಾಯ್ರೆ, ಕೆಳಗೆ ನೋಡ್ಬೇಡಿ, ದೂರ ಆಕಾಶ ನೀರು ಸೇರುವಲ್ಲಿಗೆ ನೋಡಿ" ಎಂದರು. ಬೋಟಿನ ನಡುವಿನಲ್ಲಿ ನಿಂತು, ಶುಂಠಿ ಕಚ್ಚಿಕೊಂಡು, ಅವರು ಹೇಳಿದಂತೆ ಮಾಡಿದಾಗ ಒಬ್ಬರು ಎದ್ದು ಕುಳಿತರು. ಇನ್ನೊಬ್ಬರು ಸಂಜೆಯ ತನಕ ಏಳಲಿಲ್ಲ. ದುರ್ಬೀನನ್ನು ಒಂದೇ ಸಮನೆ ಕಣ್ಣಿಗೆ ಒತ್ತಿಕೊಂಡಿದ್ದರೆ ವಾಂತಿ ಖಂಡಿತ. ಬರಿಗಣ್ಣಿನಿಂದ ಹುಡುಕಿ, ಕಂಡ ಮೇಲೆ ಎತ್ತುವುದು ಸರಿ.

ಮೊದಲು ಕಂಡದ್ದು ತೇಲುವ ಒಂದು ಮರದ ತುಂಡು, ಅದರ ಮೇಲೆ ನಾಲ್ಕು ಹಕ್ಕಿ. ಬ್ರೈಡಲ್ಡ್ ಟರ್ನ್, ಬೂದುಗಂದು ಬೆನ್ನಿನ ರೀವ. ತೇಲುವ ಮರ, ತೆಂಗಿನ ಕಾಯಿ, ಥರ್ಮಾಕೋಲಿನ ಚೂರು, ಹೀಗೆ ಸಿಕ್ಕಿದ್ದರ ಮೇಲೆ ಕೂರುವುದು ಇದರ ಅಭ್ಯಾಸ. ಇವು ದೂರದವಲ್ಲ. ಅಥಣಿಗೆ ಹತ್ತಿರದ ಕಡಲೆಂದರೆ ವೆಂಗುರ್ಲೆಯದು. ಅಲ್ಲಿನ ದಡದಾಚೆಯ ಬಂಡೆದ್ವೀಪಗಳಲ್ಲಿ ಇವು ಮಳೆಗಾಲದಲ್ಲಿ ಮರಿ ಮಾಡುತ್ತವೆ. ಆ ಬಂಡೆಗಳಿಗೆ ೧೮೭೫ರಲ್ಲಿಯೇ ಎ. ಓ. ಹ್ಯೂಮ್ ಹೋಗಿ ಬಂದು ಬರೆದಿದ್ದಾರೆ. ಕಾಂಗ್ರೆಸ್ಸನ್ನು ಸ್ಥಾಪಿಸಿದವರೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಹ್ಯೂಮರೇ ಇವರು. ಹಕ್ಕಿಗಳ ವಿಷಯದಲ್ಲಿ ಅವರು ಮಾಡಿದ ಕೆಲಸ ರಾಜಕೀಯದ ಕೆಲಸಕ್ಕಿಂತ ಕಡಿಮೆಯದಲ್ಲ ಎಂದು ನಮ್ಮ ಅಭಿಪ್ರಾಯ.

ಎಂಟೂವರೆಯ ಸುಮಾರಿಗೆ, ಇಪ್ಪತ್ತು ಮಾರು ಆಳದ ನೀರಿನಲ್ಲಿ ತಾಂಡೇಲರು ಯಂತ್ರ ನಿಲ್ಲಿಸಿದರು. ಮೀನಿನ ಎಣ್ಣೆಗೆ ಕೊಚ್ಚಿದ ಬೂತಾಯಿಯನ್ನು ಕಲಸಿದ ಒಂದು ಡಬ್ಬಿಯನ್ನು ನಮ್ಮ ಮಿತ್ರರು ತಂದಿದ್ದರು. ವಾಸನೆಯ ವಿಷಯ ಹೇಳುವುದು ಬೇಡ. ಅದನ್ನು ಸ್ವಲ್ಪಸ್ವಲ್ಪವಾಗಿ ಸುರಿದಾಗ ನೀರಿನ ಮೇಲೆ ನುಣುಪಾದ ಒಂದು ಪಟ್ಟಿ ಗಾಳಿಯ ಕಡೆಗೆ ಹರಡಿತು. ಕಾಲು ಗಂಟೆ ಏನೂ ಇಲ್ಲ. ಆಮೇಲೆ, ಎಲ್ಲಿಂದ ಬಂತೆಂದು ಯಾರೂ ನೋಡಲಿಲ್ಲ, ಗುಬ್ಬಿಗಿಂತ ಸ್ವಲ್ಪ ದೊಡ್ಡ ಕಪ್ಪು ಹಕ್ಕಿಯೊಂದು ಆ ಪಟ್ಟಿಯ ಮೇಲೆ ಕುಣಿಯತೊಡಗಿತು. ಅದರ ಹಿಂದೆ ಮತ್ತೆರಡು. ರೆಕ್ಕೆಯನ್ನು ಎತ್ತಿ ಹಿಡಿದು, ಉದ್ದ ಕಾಲುಗಳಿಂದ ನೀರನ್ನು ತಟತಟ ತಟ್ಟುತ್ತ, ನೀರಿನ ಮೇಲೆ ನಡೆಯುವಂತೆ ಸಾಗಿದುವು. ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಇದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ನೀರಿನ ಮೇಲೆ ನಡೆದ ಸಂತ ಪೀಟರನ ಹೆಸರಿನಿಂದ ಪೆಟ್ರೆಲ್ ಎಂಬ ಮಾತು ಬಂತೆನ್ನುತ್ತಾರೆ.

ಈ ಹಕ್ಕಿಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯಲು ಸಂಪಾದಕರು ಜಾಗ ಕೊಡಬೇಕು. ಇದರ ತೂಕ ೩೫ರಿಂದ ೪೦ ಗ್ರಾಮು, ಹೆಚ್ಚುಕಡಿಮೆ ಒಂದು ಹಣ್ಣಡಿಕೆಯಷ್ಟು. ಮರಿಮಾಡುವುದು ದಕ್ಷಿಣ ಧ್ರುವದ ಅಂಟಾರ್ಕ್ಟಿಕ ಖಂಡದ ಅಂಚಿನಲ್ಲಿ ಮತ್ತು ಅದರ ಸುತ್ತಿನ ದ್ವೀಪಗಳ ಕಲ್ಲುಸಂದಿಯಲ್ಲಿ. ವರ್ಷಕ್ಕೆ ಒಂದೇ ಮೊಟ್ಟೆ. ಅಲ್ಲಿ ಚಳಿಗಾಲ ಬಂದೊಡನೆ ಎಂಟು ಸಾವಿರ ಕಿಲೋಮೀಟರಿಗೂ ಮೇಲೆ ಹಾರಿ ನಮ್ಮ ಕಡಲಿಗೆ ಬರುತ್ತದೆ. ಬರುವುದು ನಮ್ಮ ಮುಂಗಾರಿನ ಹೊತ್ತಿಗೆ. ಈ ತಿಂಗಳುಗಳಲ್ಲಿ ನೈಋತ್ಯದ ಗಾಳಿ ನಮ್ಮ ದಡದ ಬಳಿಯ ಮೇಲ್ನೀರನ್ನು ಸರಿಸಿ, ಆಳದ ತಣ್ಣನೆಯ ಸತ್ತ್ವವುಳ್ಳ ನೀರನ್ನು ಮೇಲಕ್ಕೆ ತರುತ್ತದೆ. ಹೊಲಕ್ಕೆ ಗೊಬ್ಬರ ಬಿದ್ದಂತೆ ಕಡಲಿಗೆ ಅದು. ಕಣ್ಣಿಗೆ ಕಾಣದ ಪಾಚಿ ಹುಟ್ಟಿ, ಅದನ್ನು ತಿನ್ನುವ ಹುಳ, ಅದನ್ನು ತಿನ್ನುವ ಬೂತಾಯಿ, ಬಂಗುಡೆ. ತಾಂಡೇಲರ ಬಲೆ ತುಂಬುವುದೂ ಈ ಅಡಿಕೆಗಾತ್ರದ ಹಕ್ಕಿಯ ಹೊಟ್ಟೆ ತುಂಬುವುದೂ ಅದೇ ಗೊಬ್ಬರದಿಂದ. ಕೊಕ್ಕಿನ ಮೇಲೆ ಕೊಳವೆಯಂಥ ಮೂಗು ಇರುವುದರಿಂದ ಮೈಲಿಗಟ್ಟಲೆ ದೂರದ ಎಣ್ಣೆಯ ವಾಸನೆಯನ್ನು ಹಿಡಿಯಬಲ್ಲುದು. ಕುಡಿಯುವುದು ಉಪ್ಪುನೀರನ್ನೇ. ಕಣ್ಣಿನ ಮೇಲಿರುವ ಗ್ರಂಥಿಯೊಂದು ಮೈಯ ಹೆಚ್ಚಿನ ಉಪ್ಪನ್ನು ಸೋಸಿ ಮೂಗಿನ ಮೂಲಕ ಹೊರಹಾಕುತ್ತದೆ. ನಮ್ಮ ಭಾಗದಲ್ಲಿ ಹೆಚ್ಚು ನೀರುಣಿಸಿ ಸವುಳಾದ ಕಬ್ಬಿನ ಹೊಲಗಳಿಗೂ ಇಂಥದೊಂದು ಗ್ರಂಥಿ ಇದ್ದಿದ್ದರೆ ಎಂದು ಕಾಕಾ ನಿಟ್ಟುಸಿರಿಟ್ಟರು.

ಆಮೇಲೆ ಬಂದುವು ಶಿಯರ್‌ವಾಟರುಗಳು. ನೀರಿನ ಮೇಲ್ಮೈಯನ್ನು ರೆಕ್ಕೆಯ ತುದಿಯಿಂದ ಕತ್ತರಿಸುವಂತೆ ಹಾರುವುದರಿಂದ ಆ ಹೆಸರು. ಕಾಫಿಬೀಜ ಹುರಿದ ಬಣ್ಣದ ಮೈ, ನಸುಗೆಂಪು ಕೊಕ್ಕು. ರೆಕ್ಕೆ ಬಡಿಯುವುದೇ ಅಪರೂಪ. ಅಲೆಯ ಮೇಲೆ ಗಾಳಿ ಹೆಚ್ಚು, ಅಲೆಯ ತಗ್ಗಿನಲ್ಲಿ ಕಡಿಮೆ. ಆ ವ್ಯತ್ಯಾಸವನ್ನೇ ಏಣಿ ಮಾಡಿಕೊಂಡು ಏರುತ್ತ ಇಳಿಯುತ್ತ ಹೋಗುತ್ತದೆ. ಫ್ಲೆಶ್‌ಫುಟೆಡ್ ಎಂಬ ಈ ಜಾತಿ ಪಶ್ಚಿಮ ಆಸ್ಟ್ರೇಲಿಯದ ದಕ್ಷಿಣ ಕರಾವಳಿಯ ದ್ವೀಪಗಳಿಂದಲೂ ಅರಬ್ಬೀ ಸಮುದ್ರಕ್ಕೆ ಬರುತ್ತದೆ. ಇದೇ ಜಾತಿಯ ಹಕ್ಕಿಗಳು ಆಸ್ಟ್ರೇಲಿಯದ ಆಚೆ ಬದಿಯ ಲಾರ್ಡ್ ಹೋವ್ ದ್ವೀಪದಲ್ಲಿಯೂ ಇವೆ. ತಾಯಿತಂದೆ ಮೇವೆಂದು ತಂದು ಉಣಿಸಿದ ಪ್ಲಾಸ್ಟಿಕ್ಕಿನಿಂದ ಅಲ್ಲಿನ ಮರಿಗಳ ಜಠರದಲ್ಲಿ ಗಾಯ ಕಟ್ಟಿಹೋಗುವುದನ್ನು ಕಂಡು, ೨೦೨೩ರಲ್ಲಿ ವಿಜ್ಞಾನಿಗಳು ಅದಕ್ಕೆ ಪ್ಲಾಸ್ಟಿಕೋಸಿಸ್ ಎಂಬ ರೋಗದ ಹೆಸರನ್ನೇ ಇಟ್ಟರು. ನಮ್ಮ ಬೋಟಿನ ಪಕ್ಕದಲ್ಲಿಯೂ ಹಾಲಿನ ತೊಟ್ಟೆ, ಗುಟ್ಕಾದ ಪಾಕೀಟು ತೇಲುತ್ತಲೇ ಇದ್ದುವು.

ಮಧ್ಯಾಹ್ನದ ಗಂಜಿಯ ಹೊತ್ತಿಗೆ ಒಂದು ಮೋಜಿನ ನೋಟ. ಸಣ್ಣ ರೀವವೊಂದು ಮೀನು ಹಿಡಿದು ಏರುತ್ತಿದ್ದಂತೆ ಕಂದು ಬಣ್ಣದ ದಪ್ಪ ಹಕ್ಕಿಯೊಂದು ಬೆನ್ನು ಹತ್ತಿತು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಎರಡು ನಿಮಿಷ ಬಿಡಲಿಲ್ಲ. ರೀವ ಸೋತು ಮೀನು ಬಿಟ್ಟಿತು. ನೀರು ಮುಟ್ಟುವ ಮೊದಲೇ ಅದು ದಪ್ಪ ಹಕ್ಕಿಯ ಪಾಲಾಯಿತು. ಇದು ಸ್ಕುವಾ. ಉತ್ತರ ಧ್ರುವದ ಕಡೆಯಿಂದ ಬರುವ ಇದು ತಾನಾಗಿ ಮೀನು ಹಿಡಿಯುವುದಕ್ಕಿಂತ ಹಿಡಿದವರಿಂದ ಕೀಳುವುದನ್ನೇ ಹೆಚ್ಚು ಬಲ್ಲದು. ನಮ್ಮ ಮಿತ್ರರು ನಕ್ಕು, "ಸಂಘ ಕಟ್ಟುವುದಕ್ಕೆ ಮುಂಚೆ ನಮ್ಮ ಅಡಿಕೆ ಮಂಡಿಯಲ್ಲಿ ಇಂಥವರು ಬೇಕಾದಷ್ಟು ಮಂದಿ ಇದ್ದರು" ಎಂದರು. ರೀವಗಳಿಗೆ ಸಹಕಾರಿ ಸಂಘವಿಲ್ಲ.

ಅದೇ ಉತ್ತರದಿಂದ ಬಂದ ಇನ್ನೊಂದು ಹಕ್ಕಿ ಫಲರೋಪ್. ಅಂಗೈಯಲ್ಲಿ ಹಿಡಿಸುವ ಗಾತ್ರ. ನೀರಿನ ಮೇಲೆ ಬುಗುರಿಯಂತೆ ಗಿರಗಿರ ಸುತ್ತಿ, ಸುಳಿ ಎಬ್ಬಿಸಿ, ಮೇಲೆದ್ದ ಹುಳಗಳನ್ನು ಹೆಕ್ಕುತ್ತಿತ್ತು. ಇವುಗಳಲ್ಲಿ ಹೆಣ್ಣಿಗೆ ಬಣ್ಣ ಹೆಚ್ಚು, ಕಾವು ಕೂರುವುದು ಗಂಡು. ಮಧ್ಯಾಹ್ನ ಎರಡಕ್ಕೆ ಮುಖ ತಿರುಗಿಸುವ ಹೊತ್ತಿಗೆ ನಾವು ಲೆಕ್ಕ ಹಾಕಿದ ಜಾತಿಗಳು ಹತ್ತಕ್ಕೆ ಸ್ವಲ್ಪ ಮೇಲೆ. ಒಂದೇ ಕಡಲಿನ ಮೇಲೆ ಎರಡೂ ಧ್ರುವಗಳ ಕಡೆಯವರು ಒಂದೇ ದಿನ. ಆದರೆ ತೋಟದಲ್ಲಿ ಸತ್ತ ಮಸಿಬಣ್ಣದ ರೀವ ಮಾತ್ರ ನಮಗೆ ಸಿಗಲಿಲ್ಲ. ಅದು ಇನ್ನೂ ಹೊರಗೆ, ಒಂದು ದಿನದ ದೋಣಿಗೆ ನಿಲುಕದಲ್ಲಿ ಇರುವಂಥದು. ಅದು ಮರಿಮಾಡುವ ಕಡೆಗಳಲ್ಲೊಂದು ಲಕ್ಷದ್ವೀಪದ ಪಿಟ್ಟಿ ಎಂಬ ಮರಳ ದಿಬ್ಬ. ೧೯೫೬ರ ತನಕ ಅಮಿನ್‌ದಿವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವೆಂಬುದು ಹಳಬರಿಗೆ ನೆನಪಿರಬಹುದು. ಪಿಟ್ಟಿ ಇರುವುದು ಅವುಗಳಿಗೂ ತೆಂಕಣಕ್ಕೆ, ಕವರತ್ತಿಯ ಬಳಿ.

ಹಿಂದಿರುಗುವಾಗ ತಾಂಡೇಲರು ನೇತ್ರಾಣಿಯ ಮಾತು ತೆಗೆದರು. ಮುರ್ಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರಿನಷ್ಟು ಹೊರಗಿರುವ ಆ ದ್ವೀಪದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ, ಗುಹೆಗಳಲ್ಲಿ ಬಾನಾಡಿಗಳು. ಮೀನುಗಾರರು ಹರಕೆ ಒಪ್ಪಿಸಲು ಹೋಗುವ ಜಾಗವೂ ಹೌದು. ನೌಕಾಪಡೆ ಅದನ್ನು ಗುಂಡು ಹೊಡೆಯುವ ಅಭ್ಯಾಸಕ್ಕೆ ಬಳಸಿದ್ದನ್ನು ಪರಿಸರಾಸಕ್ತರು ಆಕ್ಷೇಪಿಸಿದ ಸಂಗತಿ ಪತ್ರಿಕೆಗಳಲ್ಲಿ ಬಂದಿತ್ತು. ಹದ್ದಿನ ವಿಷಯದಲ್ಲಿ ತಾಂಡೇಲರಿಗೆ ದೊಡ್ಡ ಗೌರವ. ಕಡಲ ಹಾವನ್ನು ಎತ್ತಿಕೊಂಡು ಹೋಗುವುದನ್ನು ತಾವೇ ಕಂಡಿದ್ದಾಗಿ ಹೇಳಿದರು.

ಮಳೆ ಪುಸ್ತಕದ ಬದಿಯಲ್ಲಿ ಒಂದು ಸಾಲು

ದೋಣಿ ಹತ್ತದವರಿಗೂ ಸಂಬಂಧಪಟ್ಟ ಮಾತು ಈಗ ಬರುತ್ತದೆ. ಆಫ್ರಿಕದ ಪೂರ್ವ ದಡದ ಬಳಿ ಸಮಭಾಜಕವನ್ನು ದಾಟಿ ತಿರುಗುವ ಮುಂಗಾರಿನ ಗಾಳಿ ಜೂನ್ ಜುಲೈಗಳಲ್ಲಿ ದಿನಗಟ್ಟಲೆ ಬಿಡದೆ ಬೀಸಿದಾಗ ಹೊರಗಡಲಿನ ಹಕ್ಕಿಗಳು ಮೇವು ಸಿಗದೆ ಸೋತು, ತೇಲಿಸಿದಂತೆ ಪೂರ್ವಕ್ಕೆ ಬರುತ್ತವೆ. ದಡದಲ್ಲಿ ಬೀಳುವುವು ಹಲವು. ಕೆಲವು ಘಟ್ಟದ ಬುಡದ ತೋಟಗಳ ತನಕ, ಘಟ್ಟ ದಾಟಿಯೂ ಬರುತ್ತವೆ. ಮಸಿಬಣ್ಣದ ರೀವ, ನಾಡಿ, ಬೂಬಿ, ಉದ್ದ ರೆಕ್ಕೆಯ ಫ್ರಿಗೇಟ್ ಹಕ್ಕಿ, ಇವೆಲ್ಲ ಹೀಗೆ ಸಿಕ್ಕಿದವು. ಚಂಡಮಾರುತ ಬಂದಾಗ ಹೆಚ್ಚು. ೨೦೨೧ರ ಮೇ ತಿಂಗಳಿನಲ್ಲಿ ತೌಕ್ತೆ ನಮ್ಮ ಕರಾವಳಿಯ ಉದ್ದಕ್ಕೂ ಸಾಗಿದ್ದು ತಮಗೆಲ್ಲ ಗೊತ್ತಿದೆ.

ಇಂಥ ಹಕ್ಕಿಗೆ ಕಾಲಿನಲ್ಲಿ ನಡೆಯುವ ಬಲವಿಲ್ಲ. ಉದ್ದ ರೆಕ್ಕೆಯಾದುದರಿಂದ ಮರಗಳ ನಡುವೆ ಬಿದ್ದರೆ ಎದ್ದು ಹಾರಲಾರದು. ಕಂಡವರು ಮೊದಲು ನಾಯಿಯನ್ನು ಕಟ್ಟಬೇಕು. ಹಳೆಯ ಬಟ್ಟೆಯೊಂದನ್ನು ಮೇಲೆ ಹಾಕಿ ಎತ್ತಬೇಕು. ಬೂಬಿಯ ಕೊಕ್ಕು ಕಠಾರಿಯಂಥದು, ಮುಖದ ಹತ್ತಿರ ಹಿಡಿಯಬಾರದು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಒಣಗಿದ, ಬೆಚ್ಚಗಿನ, ಕತ್ತಲೆಯ ಜಾಗದಲ್ಲಿ ಇಟ್ಟು ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೆ ತಿಳಿಸಬೇಕು. ಅನ್ನ, ಹಾಲು, ನೀರು ಯಾವುದನ್ನೂ ಬಾಯಿಗೆ ಸುರಿಯಬಾರದು. ಕೆರೆಗೆ, ಹೊಳೆಗೆ ಬಿಡಬಾರದು. ೧೯೭೨ರ ವನ್ಯಜೀವಿ ಕಾಯಿದೆಯ ಪ್ರಕಾರ ಸಾಕಿಕೊಳ್ಳುವುದೂ ಆಗದು. ಕಾಲಿನಲ್ಲಿ ಲೋಹದ ಉಂಗುರವಿದ್ದರೆ ಅದರ ಮೇಲಿನ ಅಂಕಿ, ಅಕ್ಷರಗಳನ್ನು ಒಂದೂ ಬಿಡದೆ ಬರೆದುಕೊಳ್ಳಬೇಕು. ನಮ್ಮ ದೇಶದಲ್ಲಿ ಅಂಥ ಉಂಗುರಗಳ ಲೆಕ್ಕ ಇಡುವುದು ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆ.

ಬದುಕಿದರೆ ಸಂತೋಷ. ಹೆಚ್ಚಿನವು ಬದುಕುವುದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಸತ್ತ ಹಕ್ಕಿಯೂ ಒಂದು ಸುದ್ದಿ ತಂದಿರುತ್ತದೆ, ಅದನ್ನು ಬರೆದಿಡುವವರು ಬೇಕು. ನಮ್ಮ ಅಥಣಿಯ ಕಡೆ ಮಳೆಯ ಲೆಕ್ಕವೆಂದರೆ ತಹಸೀಲು ಕಚೇರಿಯದು. ತಮ್ಮಲ್ಲಿ ಹಾಗಲ್ಲ. ಕಾಫಿ ತೋಟದ ಅಂಗಳದಲ್ಲಿ ಮಳೆ ಮಾಪಕ, ಬೆಳಗ್ಗೆ ಎದ್ದು ಅಳೆದು ಸೆಂಟುಗಳಲ್ಲೋ ಮಿಲಿಮೀಟರಿನಲ್ಲೋ ಬರೆಯುವ ಪುಸ್ತಕ, ಅಜ್ಜನ ಕಾಲದಿಂದ ಬಂದ ಪುಸ್ತಕದ ಮುಂದುವರಿಕೆ. ನಮ್ಮ ಮಿತ್ರರ ಮನೆಯಲ್ಲಿ ಅದನ್ನು ತಿರುವಿದಾಗ ಆ ಜುಲೈ ತಿಂಗಳಿನ ಪುಟ ಸಿಕ್ಕಿತು. ಮೂರು ದಿನಗಳ ಮಳೆ ಅಂಕಿಗಳಿದ್ದುವು, ಹಕ್ಕಿಯ ಮಾತು ಇರಲಿಲ್ಲ. ಅವರು ಅಲ್ಲಿಯೇ ಪೆನ್ನು ತೆಗೆದು ಬದಿಯಲ್ಲಿ ಒಂದು ಸಾಲು ಸೇರಿಸಿದರು: ಮಸಿ ರೀವ ಒಂದು, ಬಸಿಗಾಲುವೆಯಲ್ಲಿ, ಸಂಜೆ ಸತ್ತಿತು, ಗಾಳಿ ಪಡುವಣದಿಂದ.

ಇಂಥ ಸಾಲುಗಳು ತಮ್ಮ ಪುಸ್ತಕಗಳಲ್ಲಿ ಮೊದಲೇ ಇದ್ದರೆ, ಇಲ್ಲವೆ ಮನೆಯ ಹಿರಿಯರಿಗೆ ಅಂಥ ಹಕ್ಕಿಯ ನೆನಪಿದ್ದರೆ, ತಾರೀಖು, ಊರು, ಆ ವಾರದ ಮಳೆ, ಗಾಳಿಯ ದಿಕ್ಕು ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಬೇಕೆಂದು ಕೋರುತ್ತೇವೆ. ಫೋಟೋ ಇದ್ದರೆ ಜೊತೆಗಿರಲಿ. ಪಕ್ಕದಲ್ಲಿ ಒಂದು ಅಡಿಕೆಯನ್ನೋ ಅಳತೆಪಟ್ಟಿಯನ್ನೋ ಇಟ್ಟು ತೆಗೆದ ಫೋಟೋ ಆದರೆ ಗಾತ್ರ ತಿಳಿಯಲು ಅನುಕೂಲ.